ಹಿಮ ಬೀಳದ ವರ್ಷ

ಹೋದ ವಾರ ಮಗಳ ಜೊತೆ ತಿರುವನಂತಪುರದ ಚಾಲೈ ಪೇಟೆಗೆ ಹೋಗಿದ್ದೆ. ಮೊಣಕಾಲಿಗೆ ಹಚ್ಚುವ ತೈಲ ಮುಗಿದಿತ್ತು. ಕಳಕ್ಕೂಟಂನಲ್ಲಿ ಮಗಳ ಫ್ಲ್ಯಾಟಿನ ಕೆಳಗೇ ದೊಡ್ಡ ಔಷಧಿ ಅಂಗಡಿ ಇದೆ, ಆದರೂ ನನಗೆ ಚಾಲೈಯ ಆ ಹಳೆಯ ಗಿಡಮೂಲಿಕೆ ಅಂಗಡಿಯದೇ ಆಗಬೇಕು. ಅಂಗಡಿಯಾತ ನನ್ನ ತೈಲವನ್ನು ಬಾಟಲಿಗೆ ಸುರಿದು, ಪಕ್ಕದಲ್ಲಿ ನಿಂತಿದ್ದ ಹೆಂಗಸಿಗೆಂದು ಒಂದು ತಗಡಿನ ಡಬ್ಬದ ಮುಚ್ಚಳ ತೆಗೆದ. ವಾಸನೆ ಮುಖಕ್ಕೆ ಬಡಿಯಿತು. ಬಜೆ. ಇಲ್ಲಿಯವರು ವಯಂಬು ಎನ್ನುತ್ತಾರೆ. ಹಸುಗೂಸುಗಳಿಗೆ ಕಲ್ಲಿನ ಮೇಲೆ ತೇಯ್ದು ನಾಲಗೆಗೆ ಸವರುವ ಬೇರು. ಆ ಹೆಂಗಸು ಹೊಸದಾಗಿ ಅಜ್ಜಿಯಾಗಿದ್ದಳೋ ಏನೋ, ಒಂದೊಂದೇ ತುಂಡನ್ನು ಮೂಗಿಗೆ ಹಿಡಿದು ಆರಿಸುತ್ತಿದ್ದಳು. ನಾನು ಮಗಳ ತೋಳು ಹಿಡಿದುಕೊಂಡು ಅಂಗಡಿಯ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟೆ.

ಐವತ್ತು ವರ್ಷಕ್ಕೂ ಹಿಂದಿನ ಮಾತು...

ಎಪ್ಪತ್ತರ ದಶಕದ ಆರಂಭ ಅದು. ನಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಗಿ ಬಂದು, ಶ್ರೀಕಾರ್ಯಂನಲ್ಲಿ ಮನೆ ಹಿಡಿದಿದ್ದೆವು. ಒಂದೇ ಕಾಂಪೌಂಡಿನೊಳಗೆ ಒಂದೇ ಗೋಡೆಗೆ ಅಂಟಿಕೊಂಡ ಎರಡು ಹೆಂಚಿನ ಮನೆ, ಪಕ್ಕದಲ್ಲಿ ಇಬ್ಬರಿಗೂ ಸೇರಿದ ಬಾವಿ, ಹಿಂದೆ ಮರಗೆಣಸಿನ ತೋಟ. ಗೇಟಿನ ಕಡೆಯ ಮನೆ ನಮ್ಮದು. ಒಳಗಡೆಯ ಮನೆಯವರೂ ಕನ್ನಡದವರೇ ಎಂದು ತಿಳಿದ ದಿನ ನನಗೆ ತವರಿಗೇ ಹೋದಷ್ಟು ಸಂತೋಷವಾಗಿತ್ತು.

ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅತ್ತೆಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಕಾಸರಗೋಡಿನ ಕಡೆಯವರು. ಗಂಡ ಇಲ್ಲಿನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದು ತೀರಿಕೊಂಡಿದ್ದರು. ಒಬ್ಬನೇ ಮಗ. ಅವನು ಓವರ್‌ಸಿಯರ್. ದೇಶದ ತೀರಾ ಉತ್ತರದ ತುದಿಯಲ್ಲಿ, ಲಡಾಖಿನಿಂದಲೂ ಒಳಗೆ ಎಲ್ಲೋ, ಬೆಟ್ಟ ಕಡಿದು ರಸ್ತೆ ಮಾಡುವ ಕೆಲಸದಲ್ಲಿದ್ದ. ಅಲ್ಲಿಗೆ ಹೋಗಲು ಒಂದೇ ಕಣಿವೆ ದಾರಿ. ಚಳಿಗಾಲ ಶುರುವಾದರೆ ಹಿಮ ಬಿದ್ದು ಅದು ಮುಚ್ಚಿಹೋಗುತ್ತದೆ. ಮತ್ತೆ ತೆರೆಯುವುದು ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ. ಆ ತಿಂಗಳುಗಳಲ್ಲಿ ಯಂತ್ರಗಳನ್ನು ಕಾಯಲು ಉಳಿದವರು ಅಲ್ಲೇ ಉಳಿಯಬೇಕು. ಆಕಾಶ ತಿಳಿಯಾದ ದಿನ ವಿಮಾನ ಬಂದು ಟಪಾಲಿನ ಚೀಲ ಹಾಕಿ ಹೋಗುತ್ತಿತ್ತಂತೆ. ಮನುಷ್ಯರು ಬರುವಂತಿರಲಿಲ್ಲ, ಹೋಗುವಂತಿರಲಿಲ್ಲ.

ನಾನು ಹೇಳಹೊರಟಿರುವುದು ಆ ಸೊಸೆಯ ಬಗ್ಗೆ. ಇಪ್ಪತ್ತು ತುಂಬಿತ್ತೋ ಇಲ್ಲವೋ. ಅವಳ ಅಪ್ಪ ಎರ್ನಾಕುಲಂನಲ್ಲಿ ಬೋಟ್ ಜೆಟ್ಟಿಯ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವರು. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಕೊಚ್ಚಿಯಲ್ಲೇ. ಓದಿದ್ದು ಮಲಯಾಳದಲ್ಲಿ. ಕನ್ನಡ ಅಕ್ಷರವನ್ನು ಅಪ್ಪ ಹೋಟೆಲಿನ ಹಿಂಭಾಗದಲ್ಲಿ ಹಿಟ್ಟು ಹರಡಿದ ಹಲಗೆಯ ಮೇಲೆ ಬೆರಳಿನಿಂದ ತಿದ್ದಿಸಿದ್ದರಂತೆ. ಅದನ್ನು ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ದೊಡ್ಡಮ್ಮನಿಗೆ ಅದು ಅವಮಾನ. "ಹೋಟ್ಲಿನವನ ಮಗಳು" ಎನ್ನುವುದನ್ನು ಅವರು ಬೈಗುಳದಂತೆ ಬಳಸುತ್ತಿದ್ದರು. ಆದರೆ ಅವಳಿಲ್ಲದೆ ನಡೆಯುವಂತೆಯೂ ಇರಲಿಲ್ಲ. ದೊಡ್ಡಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮುಖಗಳು ಮಸುಕುಮಸುಕಾಗಿ ಕಾಣುತ್ತಿದ್ದವು, ಅಕ್ಷರ ಕಾಣುತ್ತಿರಲಿಲ್ಲ. ಮಗನ ಪತ್ರ ಓದುವವಳು, ಮಗನಿಗೆ ಬರೆಯುವವಳು ಸೊಸೆಯೇ.

ನಾವಿಬ್ಬರೂ ಒಂದೇ ಸಮಯಕ್ಕೆ ಬಸುರಿಯರಾದೆವು, ಕೆಲವು ವಾರಗಳ ಅಂತರದಲ್ಲಿ ಹೆತ್ತೆವು. ಇಬ್ಬರಿಗೂ ಹೆಣ್ಣು. ಅವಳ ಗಂಡ ಮಗುವನ್ನು ನೋಡಲು ದಾರಿ ಮುಚ್ಚುವ ಮೊದಲೇ ಬರಬೇಕಿತ್ತು. ಅವನ ಜಾಗಕ್ಕೆ ಬರಬೇಕಾದವನು ಬರಲಿಲ್ಲ, ರಜೆ ಸಿಗಲಿಲ್ಲ. ಹೀಗಾಗಿ ಆ ಚಳಿಗಾಲವನ್ನು ಅವನು ಅಲ್ಲೇ ಕಳೆಯಬೇಕಾಯಿತು.

ದಾರಿ ಇನ್ನೇನು ಮುಚ್ಚುತ್ತದೆ ಎಂದು ಅವನಿಂದ ಪತ್ರ ಬಂದ ಸ್ವಲ್ಪ ದಿನಕ್ಕೆ ಅವಳ ಮಗುವಿಗೆ ಭೇದಿ ಹಿಡಿಯಿತು. ದೊಡ್ಡಮ್ಮ ಬಜೆ ತೇಯ್ದು ಕೊಟ್ಟರು. ಹುಡುಗಿ ಆಸ್ಪತ್ರೆಗೆ ಹೋಗೋಣ ಎಂದಳು. "ನಾನು ಮಕ್ಕಳನ್ನು ಸಾಕದವಳಾ? ಡಾಕ್ಟ್ರು ಸೂಜಿ ಚುಚ್ಚಿ ಕೊಲ್ತಾರೆ" ಎಂದರು ದೊಡ್ಡಮ್ಮ. ಮರುದಿನವೂ ಬಜೆ ತೇಯ್ದರು. ಗೋಡೆಯಾಚೆಯಿಂದ ಕಲ್ಲಿಗೆ ಬೇರು ಉಜ್ಜುವ ಸದ್ದು ನನಗೆ ಕೇಳಿಸುತ್ತಿತ್ತು, ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ಕೊನೆಗೆ ನಾನೇ ಜಗಳವಾಡಿ, ನಮ್ಮ ಯಜಮಾನರಿಂದ ಟ್ಯಾಕ್ಸಿ ತರಿಸಿ, ಹುಡುಗಿಯನ್ನೂ ಮಗುವನ್ನೂ ದೊಡ್ಡಾಸ್ಪತ್ರೆಗೆ ಕಳಿಸಿದೆ. ಆಸ್ಪತ್ರೆಯ ಮೆಟ್ಟಿಲಿನ ಮೇಲೆ, ಜೊತೆಗೆ ಹೋಗಿದ್ದ ನಮ್ಮ ಯಜಮಾನರು ಮಗುವನ್ನು ಅವಳ ಕೈಯಿಂದ ತೆಗೆದುಕೊಂಡಾಗ ಅದರ ಕತ್ತು ಹಿಂದಕ್ಕೆ ಬಿತ್ತಂತೆ.

ಮಗುವನ್ನು ಮಣ್ಣಿಗಿಡಲು ಎತ್ತಿಕೊಂಡು ಹೋದವರೂ ಇವರೇ. ಮನೆಯಲ್ಲಿ ಬೇರೆ ಗಂಡಸರಿರಲಿಲ್ಲವಲ್ಲ.

ಅಂದು ಸಂಜೆಯೇ ದೊಡ್ಡಮ್ಮ ತೀರ್ಮಾನ ಹೇಳಿದರು. ಮಗನಿಗೆ ತಿಳಿಸುವುದು ಬೇಡ. ಅವರ ಭಯಕ್ಕೆ ಕಾರಣವಿತ್ತು, ಇಲ್ಲವೆನ್ನಲಾರೆ. ಹಿಂದಿನ ವರ್ಷ ಅವನ ಕ್ಯಾಂಪಿನಲ್ಲೇ ಒಬ್ಬ, ಊರಿನಿಂದ ಹೆಂಡತಿ ಸತ್ತ ತಂತಿ ಬಂದಾಗ, ಕೋಟು ಕೂಡ ಹಾಕಿಕೊಳ್ಳದೆ ಹಿಮದೊಳಗೆ ನಡೆದುಹೋಗಿದ್ದನಂತೆ. ಅವನ ಹೆಣವನ್ನು ದೊಡ್ಡಮ್ಮನ ಮಗನೇ ಹುಡುಕಿ ತಂದಿದ್ದ. "ದಾರಿ ತೆರೆಯಲಿ, ಅವನು ಮನೆಗೆ ಬರಲಿ. ನನ್ನ ಮಡಿಲಲ್ಲಿ ತಲೆ ಇಟ್ಟುಕೊಂಡು ಕೇಳಲಿ. ಅಲ್ಲಿಯವರೆಗೆ ಮಗು ಉಂಟು" ಎಂದರು. ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು. ಎದೆಯ ಹಾಲು ಸೋರಿ ಸೀರೆ ಒದ್ದೆಯಾಗಿತ್ತು.

ದೊಡ್ಡಮ್ಮ ಮಗನನ್ನು ಉಳಿಸಿಕೊಳ್ಳಲು ಹಾಗೆ ಮಾಡಿದರೋ, ಬಜೆಯ ಕಲ್ಲಿನ ನೆನಪನ್ನು ಮುಂದಕ್ಕೆ ಹಾಕಲು ಮಾಡಿದರೋ ನನಗೆ ಇಂದಿಗೂ ತಿಳಿಯದು. ಎರಡೂ ಇದ್ದಿರಬಹುದು. ಆದರೆ ಆಮೇಲೆ ಅವರು ನಡೆಸಿದ್ದು ಕ್ರೌರ್ಯವಲ್ಲದೆ ಬೇರೇನಲ್ಲ. ಹುಡುಗಿ ಗಟ್ಟಿಯಾಗಿ ಅಳುವಂತಿರಲಿಲ್ಲ. ಅವಳ ಅಪ್ಪ ಎರ್ನಾಕುಲಂನಿಂದ ಕರೆದೊಯ್ಯಲು ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. "ಕೊಂದದ್ದು ಸಾಲದು, ಈಗ ನನ್ನ ಮಗನನ್ನೂ ಕೊಲ್ಲಲಿಕ್ಕೆ ಹೊರಟಿದ್ದೀಯಾ?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ವಾರಕ್ಕೊಮ್ಮೆ ಸೊಸೆಯನ್ನು ಕೂರಿಸಿಕೊಂಡು ಇನ್‌ಲ್ಯಾಂಡ್ ಪತ್ರ ಬರೆಸುತ್ತಿದ್ದರು. ಮಗು ಕವುಚಿಕೊಂಡಿತು. ಮಗು ನಿನ್ನ ಹಾಗೆಯೇ ಎಡಗೈ ಬಾಯಿಗೆ ಹಾಕುತ್ತದೆ. ಬರೆದು ಮುಗಿಸಿದ ಮೇಲೆ ಗಟ್ಟಿಯಾಗಿ ಓದಬೇಕು. ಗೋಡೆಯಾಚೆಗೆ ಎಲ್ಲವೂ ಕೇಳುತ್ತಿತ್ತು.

ಸತ್ತ ಮಗು ಬೆಳೆಯುವುದು ಹೇಗೆ? ಅದಕ್ಕೆ ನನ್ನ ಮಗಳು ಬೇಕಾದಳು.

ಮೊದಮೊದಲು ಅವಳು ನಮ್ಮ ಬಾಗಿಲ ಹತ್ತಿರವೇ ಕುಳಿತು ನೋಡುತ್ತಿದ್ದಳು. ಒಳಗೆ ಬನ್ನಿ ಎಂದರೂ ಬರುತ್ತಿರಲಿಲ್ಲ. "ಈಗ ಎಂತೆಲ್ಲ ಮಾಡ್ತದೆ ಅಕ್ಕ?" ಎಂದು ಕೇಳುವಳು. ನಾನು ಹೇಳಲು ಹಿಂಜರಿದರೆ, "ಹೇಳಿ, ಪರವಾಗಿಲ್ಲ. ಇಲ್ಲದಿದ್ರೆ ಅತ್ತೆ ನನ್ನ ಹತ್ರವೇ ಕೇಳ್ತಾರೆ, ನಿನ್ನ ಮಗು ಏನು ಮಾಡ್ತಿತ್ತು ಯೋಚನೆ ಮಾಡು ಅಂತ" ಎನ್ನುವಳು. ಒಂದು ದಿನ ನನ್ನ ಮಗಳಿಗೆ ಕೆಳಗಿನ ಹಲ್ಲು ಮೂಡಿತ್ತು. ಅವಳಿಗೆ ಹೇಳುವುದು ಬೇಡವೆಂದು ನಾನು ಬೇರೆ ಮಾತು ತೆಗೆದೆ. ಮಗು ಬಾಯಿ ಬಿಟ್ಟು ನಕ್ಕಿತು. ಅವಳು ಎದ್ದು ಬಂದು ಮೊದಲ ಸಲ ಮಗುವಿನ ಪಕ್ಕ ಕುಳಿತು, ಕಿರುಬೆರಳಿನಿಂದ ಒಸಡು ಮುಟ್ಟಿ ನೋಡಿದಳು. ಅವಳ ಮುಖ ಬೆಳಗಿದ್ದನ್ನು ನಾನು ಕಂಡೆ.

"ಇದನ್ನು ಇವತ್ತೇ ಬರೀಬೇಕು" ಎಂದಳು.

"ನಿಮಗೆ ಕಷ್ಟ ಆಗಲ್ವೇನ್ರೀ?" ಎಂದೆ.

"ಶುರುವಿಗೆ ಅಕ್ಷರವೇ ಮೂಡ್ತಿರಲಿಲ್ಲ ಅಕ್ಕ. ಈಗ ಹಾಗಿಲ್ಲ. ಬರೆಯುವಾಗ ಅದು ಇರ್ತದೆ. ಮಡಚಿ ಅಂಟು ಹಚ್ಚಿದ ಮೇಲೆ ಮತ್ತೆ ಹೋಗ್ತದೆ."

ನನಗೆ ಹೆದರಿಕೆಯಾಯಿತು. ಅವಳ ಬಗ್ಗೆಯೂ ಆಯಿತು, ನನ್ನ ಮಗಳ ಬಗ್ಗೆಯೂ ಆಯಿತು.

ಅವನಿಂದ ಬರುತ್ತಿದ್ದ ಪತ್ರಗಳನ್ನು ಅವಳು ನಮ್ಮ ಮನೆಗೆ ತಂದು ಒಮ್ಮೆ ತಾನೇ ಓದಿಕೊಂಡು, ಆಮೇಲೆ ಅತ್ತೆಗೆ ಓದುತ್ತಿದ್ದಳು. ಆ ವರ್ಷ ಅಲ್ಲಿ ಏನೋ ವಿಚಿತ್ರ ನಡೆಯುತ್ತಿತ್ತು. ಹಿಮ ಬೀಳಬೇಕಾದ ಕಾಲಕ್ಕೆ ಬೀಳಲಿಲ್ಲವಂತೆ. ಬಿದ್ದ ಸ್ವಲ್ಪವೂ ಮಧ್ಯಾಹ್ನದ ಬಿಸಿಲಿಗೆ ಕರಗಿ ನೀರಾಗುತ್ತಿತ್ತಂತೆ. ಕ್ಯಾಂಪಿನ ಪಕ್ಕದ ತೊರೆ ಕಲ್ಲಿನಂತೆ ಗಟ್ಟಿಯಾಗಬೇಕಾದದ್ದು ಹರಿಯುತ್ತಲೇ ಇತ್ತಂತೆ. ಜನವರಿಯಲ್ಲಿ ಗಂಡಸರು ಬನಿಯನ್ನಿನಲ್ಲಿ ವಾಲಿಬಾಲ್ ಆಡುತ್ತಿದ್ದೇವೆ ಎಂದು ಬರೆದಿದ್ದ. ಅಲ್ಲಿನ ಮುದುಕರು ಇಂಥ ಚಳಿಗಾಲ ಕಂಡಿಲ್ಲವೆಂದು ಹೆದರಿದ್ದಾರೆ ಎಂದೂ ಬರೆದಿದ್ದ. ದೊಡ್ಡಮ್ಮ ಕೈ ಮುಗಿದು, "ದೇವರು ದೊಡ್ಡವನು, ನನ್ನ ಮಗನಿಗೆ ಈ ಸಲ ಚಳಿ ಇಲ್ಲ" ಎಂದು ಬಾವಿಕಟ್ಟೆಯಲ್ಲಿ ಕಂಡಕಂಡವರಿಗೆ ಹೇಳಿದರು. ಅದರ ಅರ್ಥ ಹೊಳೆದದ್ದು ಹುಡುಗಿಗೆ.

"ಹಿಮ ಬೀಳದಿದ್ರೆ ದಾರಿ ಮುಚ್ಚಲಿಕ್ಕಿಲ್ಲ ಅಲ್ವಾ ಅಕ್ಕ?"

ನನಗೆ ಏನು ಗೊತ್ತು? ಮೈಸೂರಿನಲ್ಲಿ ಹುಟ್ಟಿದವಳು ನಾನು. ಅವಳೋ ಬೆವರು ಬಿಟ್ಟು ಬೇರೆ ಋತುವನ್ನೇ ಕಾಣದ ಕೊಚ್ಚಿಯವಳು. ಇಬ್ಬರೂ ಕುಳಿತು, ಕಾಣದ ಹಿಮದ ಲೆಕ್ಕ ಹಾಕಿದೆವು. ಅಂದಿನಿಂದ ಅವಳು ದಿನವೂ ನಮ್ಮ ಮನೆಗೆ ಬಂದು, ಇವರು ತರುತ್ತಿದ್ದ ಇಂಗ್ಲಿಷ್ ಪೇಪರಿನಲ್ಲಿ ಉತ್ತರದ ಹವೆಯ ಸುದ್ದಿ ಹುಡುಕತೊಡಗಿದಳು. ಸೋಮವಾರ ಉಪವಾಸ ಹಿಡಿದಳು. ಗಂಡನ ಕ್ಷೇಮಕ್ಕೆಂದು ದೊಡ್ಡಮ್ಮ ತಿಳಿದಿದ್ದರು. "ಹಿಮ ಬೀಳಲಿ ಅಂತ ಹರಕೆ ಹೊತ್ತಿದ್ದೇನೆ" ಎಂದು ನನಗೆ ಹೇಳಿದಳು. "ಅವರಿಗೆ ಚಳಿ ಆಗಲಿ ಅಂತ ಬೇಡುವ ಹೆಂಡತಿ ನಾನೊಬ್ಬಳೇ ಇರಬೇಕು."

ಅಷ್ಟರಲ್ಲಿ ಅವನಿಂದ ಇನ್ನೊಂದು ಪತ್ರ ಬಂತು. ಮಗುವಿನ ಫೋಟೋ ಬೇಕು.

ದೊಡ್ಡಮ್ಮ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, "ದೇವಸ್ಥಾನಕ್ಕೆ ಹೋಗ್ತಿದ್ದೇವೆ, ಮಗುವನ್ನು ಕೊಡಿ, ದೃಷ್ಟಿ ತೆಗೆಸಿಕೊಂಡು ಬರ್ತೇವೆ" ಎಂದರು. ನಾನು ಕೊಟ್ಟೆ. ಹಿಂದೆ ನಿಂತಿದ್ದ ಹುಡುಗಿ ತಲೆಯೆತ್ತಲಿಲ್ಲ. ಮಧ್ಯಾಹ್ನ ಮಗುವನ್ನು ಹಿಂದಕ್ಕೆ ತಂದುಕೊಟ್ಟವಳು ಅವಳೇ. ಮಗುವಿನ ಮೈಮೇಲೆ ನಾನು ಹಾಕಿದ ಬಟ್ಟೆಯಿರಲಿಲ್ಲ. ಹಳದಿ ಹೂವಿನ ಫ್ರಾಕಿತ್ತು. ಆ ಫ್ರಾಕ್ ನನಗೆ ಗೊತ್ತಿತ್ತು. ನಾನೇ ಹೊಲಿದು ಅವಳ ಮಗುವಿಗೆ ಕೊಟ್ಟದ್ದು.

"ಕೋಟೆಯ ಹತ್ರ ಸ್ಟುಡಿಯೋಕ್ಕೆ ಹೋಗಿದ್ವಿ" ಎಂದಳು. "ನನ್ನ ಮಡಿಲಲ್ಲಿ ಕೂರಿಸಿ ಫೋಟೋ ತೆಗೆದರು. ಬೇಡ ಅಂದೆ ಅಕ್ಕ. ಅತ್ತೆ ರಸ್ತೆಯಲ್ಲೇ ಹೊಡೆದ್ರು."

ಅವಳ ಕೆನ್ನೆಯ ಮೇಲೆ ಬೆರಳಿನ ಗುರುತಿತ್ತು. ನಾನು ಫ್ರಾಕನ್ನು ಹರಿದಂತೆ ಬಿಚ್ಚಿ, ಮಗುವಿಗೆ ತಲೆಯಿಂದ ನೀರು ಸುರಿದೆ. ಆಮೇಲೆ ನೇರ ಪಕ್ಕದ ಮನೆಗೆ ಹೋಗಿ ಕೂಗಾಡಿದೆ. ದೊಡ್ಡಮ್ಮ ತಣ್ಣಗೆ ಕೇಳಿಸಿಕೊಂಡು, "ನಿಮ್ಮ ಮಗುವಿಗೆ ಎಂತ ಕಮ್ಮಿ ಆಯ್ತು? ಜೀವದಲ್ಲಿ ಉಂಟಲ್ಲ" ಎಂದರು. ಇನ್ನು ಅವರ ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆಯಿಟ್ಟು ಬಂದೆ. ಫೋಟೋ ಉತ್ತರಕ್ಕೆ ಹೋಯಿತು.

ಫೆಬ್ರವರಿಯ ಒಂದು ಬೆಳಿಗ್ಗೆ. ಆಗಲೇ ಬಿಸಿಲು ಸುಡುತ್ತಿತ್ತು. ಮಗಳನ್ನು ಮುಂದಿನ ಜಗಲಿಯಲ್ಲಿ ಚಾಪೆಯ ಮೇಲೆ ಕೂರಿಸಿ, ನಾನು ಅಲ್ಲೇ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದೆ. ಗೇಟು ತೆರೆದ ಸದ್ದಾಯಿತು. ಕಬ್ಬಿಣದ ಪೆಟ್ಟಿಗೆ, ಹಾಸಿಗೆ ಸುತ್ತು ಹೊತ್ತ ಗಂಡಸೊಬ್ಬ ಒಳಗೆ ಬಂದ. ಮುಖ ಕರ್ರಗೆ ಸುಟ್ಟು, ಮೂಗಿನ ಮೇಲಿನ ಚರ್ಮ ಸುಲಿದಿತ್ತು. ಅವನನ್ನು ನಾನು ಒಂದೇ ಸಲ ಕಂಡದ್ದು, ತಕ್ಷಣ ಗುರುತು ಹತ್ತಲಿಲ್ಲ. ಅವನು ನನ್ನ ಕಡೆ ನೋಡಲೇ ಇಲ್ಲ. ಜಗಲಿಯ ಮೇಲಿದ್ದ ಮಗುವನ್ನು ಕಂಡು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟ. ಎರಡು ಹೆಜ್ಜೆಗೆ ಬಂದು ಎತ್ತಿಕೊಂಡ.

"ಪುಟ್ಟೀ... ನನ್ನ ಪುಟ್ಟೀ... ಅಪ್ಪ ಬಂದೆ ನೋಡು."

ನನ್ನ ಮಗಳು ಹೊಸಬರನ್ನು ಕಂಡರೆ ಕಿರುಚುವ ಮಗು. ಅಂದು ಅಳಲಿಲ್ಲ. ಸುಲಿದ ಅವನ ಮೂಗನ್ನು ಹಿಡಿದು ಎಳೆಯಿತು. ಅವನು ನಗುತ್ತ, ಅಳುತ್ತ ನನ್ನ ಕಡೆ ತಿರುಗಿದ. "ನೋಡಿದ್ರಾ, ಗುರುತು ಸಿಕ್ತು ಅವಳಿಗೆ! ಈ ವರ್ಷ ಹಿಮವೇ ಇಲ್ಲ ಅಲ್ಲಿ, ದಾರಿ ತೆರೆದೇ ಉಂಟು. ಸಾಹೇಬರು ಹೋಗಿ ಬಾ ಅಂದ್ರು. ತಿಳಿಸದೆ ಬಂದು ಆಶ್ಚರ್ಯ ಮಾಡುವ ಅಂತ..."

ನನ್ನ ಕೈಯಲ್ಲಿ ಹಿಂಡಿದ ಬಟ್ಟೆಯಿತ್ತು. ಅದರಿಂದ ನೀರು ಪಾದದ ಮೇಲೆ ಬೀಳುತ್ತಿತ್ತು.

ಮಗನ ದನಿ ಕೇಳಿ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಬಂದರು. ಮಸುಕುಗಣ್ಣಿಗೂ ಅವರಿಗೆ ಎಲ್ಲ ತಿಳಿಯಿತು. ಆ ಕ್ಷಣದಲ್ಲಾದರೂ ನಿಜ ಹೇಳುತ್ತಾರೆಂದುಕೊಂಡೆ. "ಬಿಸಿಲಲ್ಲಿ ಯಾಕೆ ನಿಂತೆ ಮಗಾ? ಮಗುವನ್ನು ಎತ್ತಿಕೊಂಡು ಒಳಗೆ ಬಾ" ಎಂದರು! ಎಂದು, ನನ್ನ ಕಡೆ ಮುಖ ಮಾಡಿ ಎರಡೂ ಕೈ ಜೋಡಿಸಿದರು. ಅವನು ಒಳಮನೆಯ ಕಡೆ ಹೊರಟೇಬಿಟ್ಟ.

ಹುಡುಗಿ ಬಾವಿಯ ಕಡೆಯಿಂದ ಕೊಡ ಹೊತ್ತು ಬರುತ್ತಿದ್ದವಳು ಅವನಿಗೆ ಎದುರಾದಳು. ಕೊಡವನ್ನು ಇಳಿಸಿದಳು. ಅವನನ್ನು ನೋಡಿದಳು, ಮಗುವನ್ನು ನೋಡಿದಳು.

"ಮಗುವನ್ನು ಅಕ್ಕನಿಗೆ ಕೊಡಿ" ಎಂದಳು.

"ಯಾಕೆ? ಈಗ ಎತ್ತಿಕೊಂಡದ್ದಷ್ಟೆ."

"ಅದು ಅವರದ್ದು."

ಅವನು ತಮಾಷೆಯೆಂದು ನಕ್ಕ. "ಹಾಗಾದ್ರೆ ನಮ್ಮದು ಎಲ್ಲಿ?"

"ಇಲ್ಲ."

ಅವನು ತಾಯಿಯ ಕಡೆ ನೋಡಿದ. ನನ್ನ ಕಡೆ ನೋಡಿದ. ಮತ್ತೆ ಮಗುವಿನ ಮುಖ ನೋಡಿದ. ಆಮೇಲೆ ತುಂಬ ಜೋಪಾನವಾಗಿ, ಕತ್ತಿನ ಹಿಂದೆ ಕೈಯಿಟ್ಟು, ಮಗುವನ್ನು ನನಗೆ ಕೊಟ್ಟ. ಕೊಟ್ಟು, ಎರಡೂ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ. ಆಗ ನನ್ನ ಮಗಳು ಅಳತೊಡಗಿದಳು.

ಒಳಗೆ ನಡೆದದ್ದು ಗೋಡೆಯಾಚೆಗೆ ಕೇಳಿಸಿತು. ದೊಡ್ಡಮ್ಮ ಅಳುತ್ತ ಹೇಳುತ್ತಿದ್ದರು, "ನಿನ್ನ ಹೆಂಡತಿಯೇ ಹೇಳುವುದು ಬೇಡ ಅಂದದ್ದು. ನಾನು ಕಣ್ಣಿಲ್ಲದವಳು, ಅವಳು ಎಂತ ಬರೆದ್ಲು ನನಗೆ ಎಂತ ಗೊತ್ತು?" ನನಗೆ ತಡೆಯಲಾಗಲಿಲ್ಲ. ಆಣೆ ಮುರಿದು ಆ ಮನೆಯೊಳಗೆ ಹೋದೆ. "ಸುಳ್ಳು ಹೇಳಬೇಡಿ ದೊಡ್ಡಮ್ಮ. ಬರೆಸಿದವರು ನೀವು. ಹೊಡೆದವರು ನೀವು. ಎಲ್ಲ ನನ್ನ ಕಿವಿಗೆ ಬಿದ್ದಿದೆ" ಎಂದೆ. ಅವನು ನನ್ನನ್ನು ನೋಡದೆಯೇ, "ಇದು ನಮ್ಮ ಮನೆಯ ವಿಷಯ. ನೀವು ಹೋಗಿ" ಎಂದ. ನಾನು ಹೋಗಲಿಲ್ಲ. ಬಾಗಿಲಲ್ಲೇ ನಿಂತೆ.

ಅವನು ಹೆಂಡತಿಯನ್ನು ಕೇಳಿದ. "ಹಲ್ಲು ಬಂತು ಅಂತ ಬರೆದದ್ದು ಯಾರು?"

"ನಾನು."

"ನಾನು ಇಡೀ ಕ್ಯಾಂಪಿಗೆ ಓದಿ ಹೇಳಿದೆ. ಸಕ್ಕರೆ ಹಂಚಿದೆ. ಪಟವನ್ನು ಎಲ್ಲರಿಗೂ ತೋರಿಸಿದೆ." ಆಮೇಲೆ ಕೇಳಬಾರದ್ದನ್ನು ಕೇಳಿದ. "ಅಮ್ಮನಿಗೆ ಅಕ್ಷರ ಕಾಣುವುದಿಲ್ಲ. ನೀನು ಬಾಯಲ್ಲಿ ಒಂದು ಓದಿ, ಕಾಗದದಲ್ಲಿ ಬೇರೆ ಬರೆದಿದ್ರೆ ಅವಳಿಗೆ ಗೊತ್ತಾಗ್ತಿತ್ತಾ?"

ಉತ್ತರ ನನಗೆ ಗೊತ್ತಿತ್ತು. ಬರೆಯುವಾಗ ಅದು ಇರ್ತದೆ... ಆದರೆ ಆ ಉತ್ತರವನ್ನು ಅವಳ ಬಾಯಿಂದಲ್ಲದೆ ಬೇರೆಯವರ ಬಾಯಿಂದ ಹೇಳಿಸಲಾಗದು. ಅವಳು ಹೇಳಲಿಲ್ಲ. ಹೇಳಿದ್ದರೂ ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಮರುದಿನ ನಮ್ಮ ಯಜಮಾನರ ಜೊತೆ ಅವನು ಸ್ಮಶಾನಕ್ಕೆ ಹೋದ. ಅಷ್ಟರಲ್ಲಿ ಹಿಂಗಾರು ಮಳೆ ಬಂದುಹೋಗಿತ್ತು. ಮಕ್ಕಳನ್ನಿಡುವ ಜಾಗದ ತುಂಬ ಮುಟ್ಟಿದರೆ ಮುನಿ ಹಬ್ಬಿತ್ತಂತೆ. ಇವರು ಇಲ್ಲೇ ಇರಬೇಕು ಎಂದು ಒಂದು ಕಡೆ ತೋರಿಸಿದರು, ಆಮೇಲೆ ಇಲ್ಲ, ಅಲ್ಲಿ ಎಂದರು. ಅವನು ಎರಡೂ ಕಡೆ ಕುಳಿತು ಎದ್ದನಂತೆ. ಹಿಂದಿರುಗಿ ಬಂದವನು ನಮ್ಮ ಜಗಲಿಯ ಅಂಚಿನಲ್ಲಿ ಕುಳಿತ. ನಾನು ಕಾಫಿ ಕೊಟ್ಟೆ. ಒಳಗೆ ಮಗಳು ಏನೋ ಗದ್ದಲ ಮಾಡುತ್ತಿದ್ದಳು. ಅವನು ಕಿವಿಗೊಟ್ಟು ಕೇಳುತ್ತ ಕುಳಿತಿದ್ದು, ಯಾರಿಗೋ ಎಂಬಂತೆ ಹೇಳಿದ. "ಈ ವರ್ಷ ಸರಿಯಾಗಿ ಹಿಮ ಬಿದ್ದಿದ್ರೆ, ಮಳೆಗಾಲದವರೆಗೆ ನನಗೆ ಮಗು ಇರ್ತಿತ್ತು."

ಗಂಡ ಹೆಂಡತಿ ಇಬ್ಬರ ಬಾಯಿಂದಲೂ ಒಂದೇ ಮಾತು ಬಂದಿತ್ತು, ಅವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ನಾನು ಆಗ ಅವನಿಗೆ ಹೇಳಿದೆ. ಅವಳು ಹಿಮಕ್ಕಾಗಿ ಉಪವಾಸ ಮಾಡಿದ್ದನ್ನು, ಅವಳ ಕೆನ್ನೆಯ ಗುರುತನ್ನು, ಬಜೆಯನ್ನು ಎಲ್ಲ ಹೇಳಿದೆ. ಅವನು ಲೋಟ ಕೆಳಗಿಟ್ಟು, "ಅಮ್ಮ ಅಮ್ಮನೇ" ಎಂದ. ಅಷ್ಟೇ. ತಾಯಿಯನ್ನು ಕ್ಷಮಿಸಲು ಅವನಿಗೆ ಒಂದು ದಿನವೂ ಬೇಕಾಗಲಿಲ್ಲ. ಆ ಅಕ್ಷರ ಬರೆದ ಕೈಯನ್ನು ಮಾತ್ರ ಅವನು ಕ್ಷಮಿಸಲಿಲ್ಲ. ಅವಳು ಬಡಿಸಿದ ತಟ್ಟೆಯ ಮುಂದೆ ಕುಳಿತು, ಅವಳ ಕೈಯನ್ನೇ ನೋಡಿ, ಎದ್ದುಹೋಗುತ್ತಿದ್ದನಂತೆ.

ರಜೆ ಮುಗಿಯುವ ಮೊದಲೇ ಅವನು ಹೊರಟ. ಹೋಗುವ ಮುನ್ನ, ಕೆಲವು ದಿನ ತವರಿನಲ್ಲಿರು, ಕರೆಸುತ್ತೇನೆ ಎಂದು ಅವಳಿಗೆ ಹೇಳಿದ್ದ. ತಂಬಾನೂರಿನ ರೈಲ್ವೆ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಅವಳ ಅಪ್ಪ ಬಂದಿದ್ದರು, ಬಿಳಿ ಪಂಚೆ, ಹೆಗಲ ಮೇಲೆ ಹೋಟೆಲಿನ ಕೆಂಪು ವಸ್ತ್ರ. ಅವರು ನನಗೆ ನಮಸ್ಕಾರ ಮಾಡಿ, "ನನ್ನ ಮಗಳು ಎಂತ ತಪ್ಪು ಮಾಡಿದ್ದು ಅಮ್ಮ?" ಎಂದು ಕೇಳಿದರು. ರೈಲು ಹೊರಟಾಗ ಅವಳು ಕಿಟಕಿಯಿಂದ ಕೈ ಬೀಸಲಿಲ್ಲ. ನಾನು ಸೊಂಟದಲ್ಲಿ ಎತ್ತಿಕೊಂಡಿದ್ದ ಮಗುವನ್ನೇ, ಕಣ್ಣಿಗೆ ಕಾಣುವವರೆಗೂ ನೋಡುತ್ತಿದ್ದಳು.

ಯಾರೂ ಅವಳನ್ನು ಕರೆಸಲಿಲ್ಲ. ಮುಂದಿನ ವರ್ಷ ಬಿಡುಗಡೆಯ ಕಾಗದ ಹೋಯಿತು, ಅವಳು ಸಹಿ ಹಾಕಿದಳು. ದೊಡ್ಡಮ್ಮ ಕಾಸರಗೋಡಿನ ಕಡೆಯಿಂದ ಬೇರೆ ಹೆಣ್ಣು ತಂದರು. ಆ ಸೊಸೆಗೆ ಗಂಡು ಮಗುವಾದಾಗ ನಮಗೂ ಸಿಹಿ ಕಳಿಸಿದ್ದರು. ನಾನು ಅದನ್ನು ಕಾಗೆಗೆ ಹಾಕಿದೆ.

ನಮಗೆ ಎರ್ನಾಕುಲಂಗೆ ವರ್ಗವಾದಾಗ ನನ್ನ ಮಗಳು ಶಾಲೆಗೆ ಹೋಗುತ್ತಿದ್ದಳು. ಹೋದ ತಿಂಗಳೊಳಗೇ ಬೋಟ್ ಜೆಟ್ಟಿಯ ಹತ್ತಿರ ವಿಚಾರಿಸಿ, ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಆ ಹುಡುಗಿಯ ತವರುಮನೆಯನ್ನು ಪತ್ತೆಮಾಡಿದೆ. ಅವಳು ಸಿಗಡಿ ರಫ್ತು ಮಾಡುವ ಕಂಪನಿಯೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ಸಿಗಡಿಯ ಕಂಪನಿ ಎಂದು ಅಪ್ಪ ಮೊದಲು ಊಟ ಬಿಟ್ಟಿದ್ದರಂತೆ, ಆಮೇಲೆ ಒಗ್ಗಿಕೊಂಡರಂತೆ. ಕೂದಲಿನಲ್ಲಿ ಆಗಲೇ ಬಿಳಿ ಎಳೆಗಳಿದ್ದವು. "ಕೈಯಲ್ಲಿ ಬರೆಯುವುದು ಬಿಟ್ಟೇಬಿಟ್ಟೆ ಅಕ್ಕ. ಸಾಮಾನಿನ ಚೀಟಿ ಸಹ ಅಪ್ಪನೇ ಬರೀತಾರೆ" ಎಂದು ನಕ್ಕಳು.

ನನ್ನ ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಎಷ್ಟನೇ ಕ್ಲಾಸು, ಏನು ತಿನ್ನಲು ಇಷ್ಟ ಎಂದೆಲ್ಲ ಕೇಳಿದಳು. ಇವಳು ಎಲ್ಲದಕ್ಕೂ ಮಲಯಾಳದಲ್ಲೇ ಉತ್ತರ ಕೊಟ್ಟಳು. ಆಗಲೇ ಕನ್ನಡದಲ್ಲಿ ಮಾತಾಡುವುದನ್ನು ಬಿಟ್ಟಿದ್ದಳು. ಬಾಳೆಹಣ್ಣಿನ ಬೋಂಡ ತಿಂದು, ಜೆಟ್ಟಿಯ ಬೋಟು ನೋಡಲು ಆ ಮನೆಯ ಅಜ್ಜನ ಜೊತೆ ಹೊರಗೆ ಹೋದಳು. ಅವರು ಹೋದ ಮೇಲೆ ಅವಳು ಖಾಲಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು.

"ಅಕ್ಕ, ನೀವು ಬನ್ನಿ, ಯಾವಾಗ ಬೇಕಾದ್ರೂ ಬನ್ನಿ" ಎಂದಳು. "ಇವಳನ್ನು ಮಾತ್ರ ಇನ್ನು ಕರ್ಕೊಂಡು ಬರ್ಬೇಡಿ. ಇವಳನ್ನು ನೋಡಿದ್ರೆ ನನಗೆ ನನ್ನದರ ನೆನಪು ಬರುವುದಿಲ್ಲ. ಇವಳೇ ನನ್ನದು ಅಂತ ಆಗ್ತದೆ."

ಆಮೇಲೆ ನಾನೊಬ್ಬಳೇ ಕೆಲವು ಸಲ ಹೋದೆ. ಇಬ್ಬರ ನಡುವೆ ಆಡಲು ಉಳಿದ ಮಾತು ಕಡಿಮೆಯಾಗುತ್ತ ಬಂತು. ಮಗಳ ಹೆಸರನ್ನು ನಾನು ಎತ್ತುವಂತಿರಲಿಲ್ಲ. ಅವಳು ಕೇಳುತ್ತಿರಲಿಲ್ಲ. ನಮಗೆ ಮತ್ತೆ ವರ್ಗವಾಯಿತು. ಬಹಳ ವರ್ಷಗಳ ಮೇಲೆ ಎರ್ನಾಕುಲಂನಿಂದ ಬಂದ ಪರಿಚಯದವರೊಬ್ಬರು, ಅವಳು ತೀರಿಕೊಂಡಳೆಂದು ಮಾತಿನ ನಡುವೆ ಹೇಳಿದರು. ಕೊನೆಗೆ ಜೊತೆಯಲ್ಲಿ ಯಾರೂ ಇರಲಿಲ್ಲವಂತೆ.

ಚಾಲೈಯಿಂದ ಹಿಂದಿರುಗುವಾಗ ಕಾರು ಶ್ರೀಕಾರ್ಯಂನ ಸಿಗ್ನಲ್ಲಿನಲ್ಲಿ ನಿಂತಿತು. ನಮ್ಮ ಆ ಮನೆಯಿದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿಯಿದೆ. ಮಗಳು, ಅಂಗಡಿಯಲ್ಲಿ ಯಾಕೆ ಹಾಗೆ ಕುಳಿತುಬಿಟ್ಟೆ ಎಂದು ಮತ್ತೆ ಕೇಳಿದಳು. ಅವಳಿಗೀಗ ಐವತ್ತು ದಾಟಿದೆ. ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಹೇಳಿದೆ. ಅವಳು ಸ್ಟಿಯರಿಂಗ್ ಹಿಡಿದುಕೊಂಡು ಮುಂದೆ ನೋಡುತ್ತಲೇ ಕೇಳಿದಳು. ಕಳಕ್ಕೂಟಂ ಬಂತು. ಗೇಟಿನೊಳಗೆ ಕಾರು ನಿಲ್ಲಿಸಿದ ಮೇಲೂ ಇಳಿಯಲಿಲ್ಲ.

"ಆ ಕುಞ್ಞಿಂಡೆ ಪೇರೆಂದಾಯಿರುನ್ನು, ಅಮ್ಮಾ?" ಎಂದಳು. ಆ ಮಗುವಿನ ಹೆಸರೇನಿತ್ತು ಎಂದು.

ಹೇಳಲು ಬಾಯಿ ತೆರೆದೆ. ನಾಮಕರಣಕ್ಕೆ ಹೋಗಿದ್ದೆ. ತೊಟ್ಟಿಲಿನ ಬಳಿ ಬಗ್ಗಿ, ಆ ಹೆಸರನ್ನು ಅದರ ಕಿವಿಯಲ್ಲಿ ನಾನೂ ಉಸುರಿದ್ದೆ. ನೆನಪಾಗಲಿಲ್ಲ. ಅವತ್ತಿನಿಂದ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಕೇಳೋಣವೆಂದರೆ, ಅದನ್ನು ಬಲ್ಲವರು ಯಾರೂ ಈಗ ಉಳಿದಿಲ್ಲ.